ಮುದಕಪ್ಪನ ತಪ್ಪು ನಡೆಗಳು

‘ತಪ್ಪು ನಡೆ’ ಎಂದು ಯಂತ್ರ ಹೇಳಿದಾಗ ಅದರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಫಕೀರವ್ವ ತಡೆದುಕೊಳ್ಳುತ್ತಿದ್ದಳು. ಅತ್ತೆಯ ಸಿಟ್ಟು, ಗಂಡನ ಸಿಟ್ಟು, ನಳದ ಮುಂದೆ ಕೊಡ ಹಿಡಿದು ನಿಂತವರ ಸಿಟ್ಟು, ಎಲ್ಲವನ್ನೂ ಉಂಡು ಅರಗಿಸಿಕೊಂಡ ಜೀವ ಅದು. ಆದರೆ ಈ ದನಿ ರೈಲು ನಿಲ್ದಾಣದಲ್ಲಿ ಗಾಡಿಯ ಹೆಸರು ಕೂಗುವ ದನಿಯ ಹಾಗಿತ್ತು. ಗಾಡಿ ಬಂದರೂ ಅಷ್ಟೇ, ಹೋದರೂ ಅಷ್ಟೇ. ‘ತಪ್ಪು ನಡೆ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.’

ಅವಳ ಗಂಡ ಮುದಕಪ್ಪ ಮತ್ತೊಮ್ಮೆ ಪ್ರಯತ್ನಿಸಿದ. ಬಲಗೈ ಮಡಿಲಲ್ಲಿ ಸತ್ತ ಮೀನಿನ ಹಾಗೆ ಬಿದ್ದಿತ್ತು. ಎಡಗೈಯಿಂದ ಚದುರಂಗದ ರಾಜನನ್ನು ಎತ್ತಿ, ಕುದುರೆ ನೆಗೆದ ಹಾಗೆ ನೆಗೆಸಿ, ಮೊದಲಿಟ್ಟ ಮನೆಯಲ್ಲೇ ಮತ್ತೆ ಇಟ್ಟ.

‘ತಪ್ಪು ನಡೆ.’

‘ಆಯ್ತ ಬಿಡು’ ಎಂದ ಮುದಕಪ್ಪ.

ಲಕ್ವ ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಹಸಿವಾಯಿತೇ ಎಂದರೂ ‘ಆಯ್ತ ಬಿಡು’, ನೋವೇ ಎಂದರೂ ‘ಆಯ್ತ ಬಿಡು’. ಹಳೆಯ ಗೆಳೆಯ ಸತ್ತ ಸುದ್ದಿ ಹೇಳಿದಾಗಲೂ ಅದನ್ನೇ ಅಂದಿದ್ದ. ಅದರೊಳಗೆ ಅರ್ಥ ಇದೆಯೋ, ಅಥವಾ ಒಡೆದ ಗಡಿಗೆಯೊಳಗೆ ಒಂದು ಕಲ್ಲು ಸಿಕ್ಕಿಕೊಂಡು ಅಲ್ಲಾಡಿದಾಗಲೆಲ್ಲ ಸದ್ದು ಮಾಡುತ್ತದೆಯೋ, ಫಕೀರವ್ವನಿಗೆ ತಿಳಿದಿರಲಿಲ್ಲ. ಅವಳಿಗೆ ತಿಳಿಯಬೇಕಾದದ್ದು ಅದೊಂದೇ ಆಗಿತ್ತು. ಗಡಿಗೆಯೊಳಗೆ ಇವರು ಇದ್ದಾರೋ ಇಲ್ಲವೋ. ಇದ್ದರೆ, ಎದುರಿಗೆ ಕೂತವಳು ತಾನೆಂಬುದು ಗೊತ್ತೋ ಇಲ್ಲವೋ.

ಆ ಕಾಲಕ್ಕೆ ಹುಬ್ಬಳ್ಳಿ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಬುದ್ಧಿ ಅಳೆಯುವ ಕೆಲಸವನ್ನು ಯಂತ್ರಕ್ಕೇ ಬಿಟ್ಟಿದ್ದರು. ಮನುಷ್ಯರು ಅಳೆದರೆ ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ಆಗುತ್ತದೆಂಬ ದೂರು ಇತ್ತು, ಅದು ಸುಳ್ಳೂ ಆಗಿರಲಿಲ್ಲ. ಯಂತ್ರ ರೋಗಿಗೆ ಮೊದಲು ಚೆನ್ನಾಗಿ ಬರುತ್ತಿದ್ದ ಕೆಲಸವನ್ನೇ ಅವನ ಮುಂದಿಟ್ಟು ನೋಡುತ್ತಿತ್ತು. ದರ್ಜಿಗೆ ಬಟ್ಟೆ ಕೊಡುತ್ತಿತ್ತು, ಅಡುಗೆಯವಳಿಗೆ ಕಾಯಿಪಲ್ಲೆ. ಮುದಕಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಡಬ್ಬಿಗಳ ಕಟ್ಟಿಗೆ ಕೆಲಸ ಮಾಡಿದ ಬಡಿಗೇರ. ಆದರೆ ಉಳಿ ಹಿಡಿಯುವ ಕೈಯೇ ಬಿದ್ದುಹೋಗಿತ್ತು. ‘ಮತ್ತೇನ್ ಬರ್ತಿತ್ತು ಇವರಿಗೆ?’ ಎಂದು ಆಸ್ಪತ್ರೆಯವರು ಕೇಳಿದಾಗ ‘ಚದುರಂಗ’ ಎಂದು ಹೇಳಿದವಳು ಫಕೀರವ್ವನೇ.

ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತಿತ್ತು.

‘ಅಮ್ಮಾ, ನಾ ಖರೇನೇ ಹೇಳ್ತೀನಿ’ ಎಂದರು ಡಾಕ್ಟರ್ ಕಟ್ಟಿ. ನರಗಳ ಡಾಕ್ಟರು. ಒರಟು ಮನುಷ್ಯರಲ್ಲ. ಹೇಳಬೇಕಾದದ್ದನ್ನು ಹೇಳುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುವ ಅಭ್ಯಾಸ ಅವರಿಗೆ. ‘ಕಲಿಕೆ ವಿಭಾಗದಾಗ ಮಂಚ ಕಡಿಮಿ ಅದಾವು. ತಿಳುವಳಿಕಿ ಉಳಿದವರಿಗೆ ಮೊದ್ಲು ಕೊಡಬೇಕಾಗ್ತದ. ಅಲ್ಲಿ ದಿನಾ ಮಾತು ಕಲಸ್ತಾರ, ಕೈ ಆಡಸ್ತಾರ. ಇಲ್ಲಂದ್ರ ಆರೈಕೆ ವಿಭಾಗ.’

‘ಆರೈಕೆ ಅಂದ್ರ?’

‘ಊಟಾ ಮಾಡಸ್ತಾರ, ಸ್ವಚ್ಛ ಇಡ್ತಾರ.’

‘ಮಾತಾಡಸೂದಿಲ್ಲೇನ್ರಿ?’

ಡಾಕ್ಟರು ಕನ್ನಡಕ ಹಾಕಿಕೊಂಡರು. ‘ಇನ್ನೊಂದು ತಪಾಸಣೆ ಐತಿ, ತಿಂಗಳ ಕೊನೀಗೆ. ನೋಡೋಣ.’

ಆ ಮಾತು ಕೇಳುತ್ತ ಪಕ್ಕದಲ್ಲಿ ಕೂತಿದ್ದ ಹುಡುಗಿ ಶಮೀನಾ. ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು, ಹಳೇ ಹುಬ್ಬಳ್ಳಿಯವಳು. ಮುದಕಪ್ಪನ ಗಾಲಿಕುರ್ಚಿ ದೂಡಿಕೊಂಡು ಅವನ ವಾರ್ಡಿನ ಬಾಗಿಲವರೆಗೆ ಬಂದಳು. ಅಲ್ಲಿ ಫಕೀರವ್ವ ಕೇಳಿದ ಮಾತು ಅವಳನ್ನು ಎಂದೂ ಯಾರೂ ಕೇಳದ್ದು.

‘ತಂಗಿ, ಆ ಆಟ ನನಗ ಕಲಸಾಕ ಬರ್ತದೇನು?’

‘ನಿಮಗಾ? ಯಾಕ್ರೀ ಅಮ್ಮಾರ?’

‘ಇವರು ಎಲ್ಲಿ ತಪ್ಯಾರ ಅಂತ ನನಗ ಕಾಣಬೇಕಲ್ಲ. ಆ ನಿನ್ನ ಪೆಟಗಿ ತಪ್ಪು ಅಂದ್ರ ತಪ್ಪೇನು?’

ಶಮೀನಾ ಒಂದು ಟ್ಯಾಬ್ ಕೊಟ್ಟು ಕಳಿಸಿದಳು. ಅದರೊಳಗೆ ಚದುರಂಗ ಕಲಿಸುವ, ಆಮೇಲೆ ಎದುರಾಳಿಯಾಗಿ ಆಡುವ ಒಂದು ಕಂಪ್ಯೂಟರು ಇತ್ತು.

ಚದುರಂಗದ ಮೇಲೆ ಫಕೀರವ್ವನಿಗೆ ಹಳೆಯ ಹಗೆ. ಗಂಡ ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಆದರೆ ವಾರದ ರಜೆ ಬಂತೆಂದರೆ ಗಣೇಶಪೇಟೆಯ ಈರಣ್ಣನ ಕ್ಷೌರದ ಅಂಗಡಿಗೆ ಹೋಗಿ ಕೂತನೆಂದರೆ ಹೊತ್ತು ಇಳಿದ ಮೇಲೇ ಬರುವುದು. ಅಲ್ಲಿ ಮುದಕಪ್ಪ ಎಡಗಾಲು ಮಡಚಿ ಕೂತು ಆಡುತ್ತಿದ್ದ ಮಣೆ ಅವನು ತಾನೇ ಕೆತ್ತಿ ಮಾಡಿಕೊಟ್ಟದ್ದು. ‘ಮನ್ಯಾಗ ಆಡ್ರಿ, ನಾನರೆ ನೋಡ್ತೀನಿ’ ಎಂದು ಹೊಸದಾಗಿ ಮದುವೆಯಾದಾಗ ಕೇಳಿದ್ದಳು. ‘ಮನ್ಯಾಗ ಮಣಿ ಹಾಸಿದ್ರ ಮನಿ ಉದ್ಧಾರ ಆಗೂದಿಲ್ಲ’ ಎಂದು ಅವನ ತಂದೆ ಹೇಳಿದ್ದನಂತೆ. ಹೆಂಗಸರು ಕ್ಷೌರದ ಅಂಗಡಿಯ ಮೆಟ್ಟಿಲು ಹತ್ತುವವರಲ್ಲ. ಹಾಗಾಗಿ ಆ ಆಟ ಅವಳ ಪಾಲಿಗೆ ಕಾಣದ ಓಣಿಯಲ್ಲಿರುವ ಸವತಿಯಾಗಿ ಉಳಿಯಿತು. ಮಕ್ಕಳಾಗಲಿಲ್ಲ. ಆ ಮಾತು ಮನೆಯಲ್ಲಿ ಎಂದೋ ಮುಗಿದಿತ್ತು. ಸವತಿಯ ಮಾತು ಮಾತ್ರ ವಾರಕ್ಕೊಮ್ಮೆ ಏಳುತ್ತಿತ್ತು.

ಈಗ ಅಂಗಡಿಯೂ ಇರಲಿಲ್ಲ. ಮೇಲ್ಸೇತುವೆಗೆ ಆ ಸಾಲು ಹೋಯಿತು, ಈರಣ್ಣ ತೀರಿಹೋದ, ಕೂಡಿ ಆಡುತ್ತಿದ್ದವರು ಒಬ್ಬೊಬ್ಬರಾಗಿ ಸುಡುಗಾಡು, ಗೋರಿಸ್ಥಾನ ಸೇರಿದರು. ಮುದಕಪ್ಪ ಮನೆಯ ಕಟ್ಟೆಯ ಮೇಲೆ ಒಬ್ಬನೇ ಕೂತು ಬೆರಳಿನಿಂದ ಗಾಳಿಯಲ್ಲಿ ಕಾಯಿ ಸರಿಸುತ್ತಿದ್ದ. ಆಮೇಲೆ ಲಕ್ವ ಬಂತು.

ಅಡುಗೆ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಗೆ ಟ್ಯಾಬನ್ನು ಒರಗಿಸಿಟ್ಟು ಫಕೀರವ್ವ ಕಲಿಯತೊಡಗಿದಳು. ಕನ್ನಡ ಮೂರನೇ ಇಯತ್ತೆಯವರೆಗೆ ಮಾತ್ರ ಓದಿದ್ದಳು, ಆದರೆ ಟ್ಯಾಬು ಬಾಯಿಂದಲೂ ಹೇಳಿಕೊಡುತ್ತಿತ್ತು. ಆನೆ ನೆಟ್ಟಗೆ ಹೋಗುತ್ತದೆ, ಒಂಟೆ ಓರೆಯಾಗಿ. ವಜೀರ ಎರಡೂ ಬಲ್ಲವನು. ಪ್ಯಾದೆ ಮುಂದೆ ನಡೆಯುತ್ತಾನೆ, ಓರೆಯಾಗಿ ಹೊಡೆಯುತ್ತಾನೆ. ‘ಹಂಗಾದ್ರ ಕಣ್ಣು ಒಂದ ಕಡೆ, ಕೈ ಒಂದ ಕಡೆ ಇವಂದು’ ಎಂದು ಅವಳು ಟ್ಯಾಬಿಗೆ ಹೇಳಿದಳು. ಟ್ಯಾಬು ಮುಂದಿನ ಪಾಠಕ್ಕೆ ಹೋಯಿತು. ಕುದುರೆಯ ಹತ್ತಿರ ಬಂದು ಅವಳು ಮುಗ್ಗರಿಸಿದಳು. ಎರಡು ನೆಟ್ಟಗೆ, ಒಂದು ಪಕ್ಕಕ್ಕೆ, ನಡುವೆ ಯಾರಿದ್ದರೂ ಹಾರಿ ಹೋಗುವ ಪ್ರಾಣಿ. ರೊಟ್ಟಿ ಬಡಿಯುತ್ತ, ನೆಲದ ಫರ್ಸಿ ಕಲ್ಲುಗಳ ಮೇಲೆ ತಾನೇ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆದರೆ ಕುದುರೆ ತಲೆಗೆ ಹತ್ತಿತು.

ಆಟಕ್ಕೆ ಕೂತರೆ ಕಂಪ್ಯೂಟರು ಕಣ್ಣುಮುಚ್ಚಿ ತೆಗೆಯುವುದರೊಳಗೆ ಸೋಲಿಸುತ್ತಿತ್ತು. ಅವಳ ವಜೀರನನ್ನು ನುಂಗಿ ನೀರು ಕುಡಿಯುತ್ತಿತ್ತು. ‘ಎಷ್ಟ ಹಸಗೊಂಡೀ ನೀನು? ಒಂದ ಮಾತು ಹೇಳಬಾರದಾ, ಅಲ್ಲಿ ಇಡಬ್ಯಾಡ ಮುದಕಿ ಅಂತ?’ ಎಂದು ಬೈದು ಮತ್ತೆ ಹೊಸ ಆಟ ಹೂಡುತ್ತಿದ್ದಳು. ಬೈಯುತ್ತ ಬೈಯುತ್ತ ಒಂದು ಮಧ್ಯಾಹ್ನ ಅವಳಿಗೆ ಬೇರೆಯದೇ ಒಂದು ಸಂಗತಿ ಹೊಳೆಯಿತು. ಬಿಸಿಲು ಇಳಿದದ್ದು ತಿಳಿದಿರಲಿಲ್ಲ. ಹಾಲು ಕೊಡಲು ಬಂದವಳು ಕೂಗಿ ಕೂಗಿ ಹೋಗಿದ್ದಳು. ಇಷ್ಟು ವರ್ಷ ಗಂಡ ತಡಮಾಡಿ ಬಂದಾಗ ತಾನು ತಾಟನ್ನು ಕುಕ್ಕಿ ಇಡುತ್ತಿದ್ದದ್ದು ನೆನಪಾಗಿ ಅವಳಿಗೆ ನಗು ಬಂತು. ಸವತಿಯ ಮನೆ ಕಡೆಗೂ ಹೊಕ್ಕ ಹಾಗಾಯಿತು.

ಆದರೆ ಕಲಿತ ವಿದ್ಯೆಯಿಂದ ದುಃಖವೇ ಬಂತು. ಕುದುರೆಯ ಹಾಗೆ ರಾಜ ನೆಗೆಯುವಂತಿಲ್ಲವೆಂದು ಈಗ ಅವಳಿಗೇ ಗೊತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಗಂಡನ ಮುಂದೆ ಮಣೆ ಇಟ್ಟುಕೊಂಡು ಸುಮ್ಮನೆ ಕೂತಳು. ಅವನು ಆಡಿದ. ಮೊದಲಿಗೇ ಎರಡು ಪ್ಯಾದೆಗಳನ್ನು ಒಟ್ಟಿಗೆ ಸರಿಸಿದ. ತಪ್ಪು. ಅವಳು ಕಲಿತ ಹಾಗೆ ಪ್ಯಾದೆಯನ್ನು ಎರಡು ಮನೆ ದಾಟಿಸಿದರೆ ಅವನು ಅದನ್ನು ಒಂದು ಮನೆ ಹಿಂದಕ್ಕೆಳೆದ. ತಪ್ಪು. ರಾಜನನ್ನು ನೆಗೆಸಿದ. ಮಾರನೇ ದಿನ ಕೂತರೆ ಮತ್ತೆ ಎರಡು ಪ್ಯಾದೆ, ಮತ್ತೆ ಹಿಂದಕ್ಕೆಳೆತ, ಮತ್ತೆ ನೆಗೆತ. ಅದರ ಮಾರನೇ ದಿನವೂ ಅದೇ.

ಫಕೀರವ್ವ ಶಮೀನಾಳನ್ನು ಹುಡುಕಿಕೊಂಡು ಹೋದಳು.

‘ತಂಗಿ, ನಮ್ಮ ಓಣ್ಯಾಗ ಒಬ್ಬ ಹುಚ್ಚ ಇದ್ದ. ಇವತ್ತು ನಳದ ಮ್ಯಾಲ ಕಲ್ಲು ಒಗದ್ರ ನಾಳಿಗೆ ಕಂಬದ ಮ್ಯಾಲ. ಹುಚ್ಚಗ ಒಂದ ದಾರಿ ಇರೂದಿಲ್ಲವಾ. ಇವರ ತಪ್ಪು ದಿನಾ ಒಂದ ನಮೂನಿ ಅದಾವು. ಒಂದ ನಮೂನಿ ಇದ್ದದ್ದಕ್ಕ ತಪ್ಪು ಅಂತಾರೇನು?’

ಶಮೀನಾ ತಿನ್ನುತ್ತಿದ್ದ ಗಿರಮಿಟ್ಟಿನ ಪೊಟ್ಟಣ ಕೆಳಗಿಟ್ಟಳು. ‘ಬರ್ರಿ ಅಮ್ಮಾರ, ನಿಮಗ ನನ್ನ ಕೂಸು ತೋರಸ್ತೀನಿ’ ಎಂದಳು.

ಆಸ್ಪತ್ರೆಯ ಹಿಂದೆ, ಮೊದಲು ಎಕ್ಸ್‌ರೇ ತೆಗೆಯುತ್ತಿದ್ದ ದಪ್ಪ ಗೋಡೆಯ ಕೋಣೆಯೇ ಶಮೀನಾಳ ಪ್ರಯೋಗಶಾಲೆ. ತಂತಿಗಳ ನಡುವೆ ಒಂದು ಪೆಟ್ಟಿಗೆ, ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಕ್ಯಾಮೆರಾ. ಕೈಪಿಡಿ ಕಳೆದುಹೋದ, ಮಾಡಿದವರೂ ಸತ್ತುಹೋದ ಹಳೆಯ ಯಂತ್ರಗಳನ್ನು ಬರೀ ನೋಡಿ ನೋಡಿ, ಅವು ಯಾವ ಕಟ್ಟಳೆಯ ಮೇಲೆ ನಡೆಯುತ್ತವೆಂದು ಹೇಳುವುದಕ್ಕಾಗಿ ಅವಳು ಅದನ್ನು ಕಟ್ಟಿದ್ದಳು.

‘ನಿಮ್ಮ ಟ್ಯಾಬಿನಾಗಿನ ಕಂಪ್ಯೂಟರಿಗೆ ಚದುರಂಗದ ಕಟ್ಟಳಿ ಮೊದ್ಲ ಹೇಳಿ ಕೊಟ್ಟಿರ್ತಾರ. ಅದಕ್ಕ ಅದು ತಪ್ಪು ಅಂತದ. ಇದಕ್ಕ ಏನೂ ಹೇಳಿಲ್ಲ. ಹುಟ್ಟಿದ ಕೂಸು. ಎಲ್ಲಾ ಕಾಯಿ ಎಲ್ಲಾ ಮನಿಗೂ ಹೋಗಬಹುದು ಅಂತ ಮೊದ್ಲ ತಿಳೀತದ. ಸಾವಿರಾರು ಊಹೆ ಮಾಡ್ಕೋತದ. ಕಣ್ಣಮುಂದ ಆಡಿದ ಒಂದೊಂದು ನಡೀಗೂ ಕೂಡದ ಊಹೆ ಬಿಟ್ಟು ಹೋಗ್ತಾವು. ಕಡೀಕ ಉಳದದ್ದು ಕಟ್ಟಳಿ.’

‘ಮೊರದಾಗ ಕೇರಿದಂಗ.’

‘ಹಾಂ, ಕೇರಿದಂಗ. ಆಟದಾಗ ಕಟ್ಟಳಿ ಇತ್ತಂದ್ರ ಕಾಳು ಉಳೀತದ. ಇರಲಿಲ್ಲಂದ್ರ ಬರೇ ಹೊಟ್ಟು.’

ಫಕೀರವ್ವನಿಗೆ ಅದರ ಮೇಲೆ ಒಂದು ನಮೂನೆಯ ಅಂತಃಕರಣ ಹುಟ್ಟಿತು. ಅವಳೂ ಹಾಗೇ ಅಲ್ಲವೇ ಗಂಡನ ಮನೆಗೆ ಬಂದದ್ದು? ಯಾರೂ ಏನೂ ಹೇಳಿಕೊಡಲಿಲ್ಲ. ಯಾವಾಗ ಮಾತಾಡಬೇಕು, ಯಾವ ಪಾತ್ರೆ ಮುಟ್ಟಬಾರದು ಎಂಬುದನ್ನೆಲ್ಲ ನೋಡಿ ನೋಡಿಯೇ ಕಲಿತಿದ್ದಳು. ಈರಣ್ಣನ ಅಂಗಡಿಯ ಆಟಕ್ಕೆ ಬೇರೆಯೇ ಕಟ್ಟಳೆ ಇದ್ದಿದ್ದರೆ, ಅದನ್ನು ಬಲ್ಲವನು ಈಗ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ. ಅವನಿಗೆ ಮಾತಿರಲಿಲ್ಲ. ಮಾತಿಲ್ಲದವನಿಂದ ಕಲಿಯಲು ಮಾತು ಬಾರದ ಕೂಸೇ ಸರಿ.

ಆ ದಿನದಿಂದ ಆಟ ಕೊಕ್ಕರೆಯ ಕಣ್ಣಿನ ಕೆಳಗೆ ನಡೆಯಿತು. ಒಂದೊಂದು ಸಲ ಶಮೀನಾ ಎದುರಿಗೆ ಕೂರುವಳು, ಒಂದೊಂದು ಸಲ ವಾರ್ಡಿನ ನರ್ಸಣ್ಣ. ಉಳಿದಂತೆ ಫಕೀರವ್ವನೇ. ಅವನು ಏನು ಮಾಡಿದರೂ ತಪ್ಪೆನ್ನದೆ ಆಡಬೇಕೆಂದು ಶಮೀನಾಳ ಅಪ್ಪಣೆ. ಮುದಕಪ್ಪ ಗೆದ್ದಾಗ ‘ಆಯ್ತ ಬಿಡು’ ಎನ್ನುತ್ತಿದ್ದ. ಸೋಲುವ ಪ್ರಸಂಗ ಬರಲಿಲ್ಲ.

ವಾರ ಕಳೆದ ಮೇಲೆ ಕೂಸು ಬಾಯಿಬಿಟ್ಟಿತು. ತೆರೆಯ ಮೇಲೆ ಬಂದದ್ದನ್ನು ಶಮೀನಾ ಓದಿದಳು. ಆಟ ಹೂಡುವವನು ಮೊದಲ ಸಲಕ್ಕೆ ಎರಡು ಪ್ಯಾದೆ ನಡೆಸಬಹುದು. ಪ್ಯಾದೆಗೆ ಎಂದಿಗೂ ಒಂದೇ ಹೆಜ್ಜೆ. ರಾಜನ ಮೇಲೆ ಇನ್ನೂ ಯಾರೂ ಏರಿ ಬಂದು ಶಹ ಕೊಡದಿದ್ದರೆ, ಒಂದು ಆಟಕ್ಕೆ ಒಂದೇ ಸಲ, ಕುದುರೆಯ ನೆಗೆತ ಉಂಟು. ಆಚೆ ದಡ ಮುಟ್ಟಿದ ಪ್ಯಾದೆ ಆ ಮನೆಯಲ್ಲಿ ಮೊದಲು ಯಾವ ಕಾಯಿ ಇತ್ತೋ ಅದೇ ಆಗುತ್ತಾನೆ. ಆನೆಯ ಮನೆಯಾದರೆ ಆನೆ, ಒಂಟೆಯ ಮನೆಯಾದರೆ ಒಂಟೆ.

‘ಯಾ ಅಲ್ಲಾ’ ಎಂದು ಶಮೀನಾ ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ‘ಇದು ಬ್ಯಾರೇನ ಆಟ ಅಮ್ಮಾರ. ಹಳೀ ಆಟ. ನಮ್ಮ ಪೆಟಗಿಗೆ ಗೊತ್ತಿರೋ ಚದುರಂಗ ಅಲ್ಲ. ಇವರು ಒಂದೂ ತಪ್ಪು ಮಾಡಿಲ್ಲ.’

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಏನ್ರೀ, ಕೇಳಿದ್ರಾ? ನಿಮ್ಮದು ತಪ್ಪಿಲ್ಲಂತ.’

‘ಆಯ್ತ ಬಿಡು’ ಎಂದ ಮುದಕಪ್ಪ, ಕಾಯಿ ಜೋಡಿಸುತ್ತ.

ಡಾಕ್ಟರ್ ಕಟ್ಟಿ ತೆರೆಯನ್ನು ಎರಡು ಸಲ ಓದಿದರು. ಅವರೂ ಚದುರಂಗದ ಹುಚ್ಚಿನವರೇ, ಕಾಲೇಜಿನಲ್ಲಿ ಕಪ್ ಗೆದ್ದವರು. ‘ಛಲೋ ಐತಿ, ಭಾಳ ಛಲೋ ಐತಿ’ ಎಂದರು. ಆಮೇಲೆ ಕನ್ನಡಕ ತೆಗೆದರು. ಅದನ್ನು ನೋಡಿಯೇ ಫಕೀರವ್ವನಿಗೆ ಮುಂದಿನದು ತಿಳಿಯಿತು.

‘ಅಮ್ಮಾ, ಗಡಿಯಾರಕ್ಕ ಕೀಲಿ ಕೊಟ್ರ ನಡೀತದ. ವೇಳೆ ಎಷ್ಟಾತು ಅಂತ ಅದಕ್ಕ ಗೊತ್ತಿರೂದಿಲ್ಲ. ಹೆಂಡತಿ ಮಕ್ಕಳ ಗುರುತು ಹತ್ತದವರು ಸುದ್ದಾ ಭಜನಿ ಪದಾ ಪೂರ್ತಿ ಹಾಡ್ತಾರ, ನಾನ ನೋಡೀನಿ. ಹಳೀ ಅಭ್ಯಾಸ ಕೈಯಾಗ ಇರ್ತದ. ಕಟ್ಟಳಿ ಐತಿ ಅಂತ ಈ ಯಂತ್ರ ಹೇಳ್ತು, ಒಪ್ಪಿದೆ. ಎದುರಿಗೆ ಯಾರ ಕುಂತಾರ, ಏನ ನಡದದ ಅನ್ನೂ ಅರಿವು ಐತಿ ಅಂತ ಹೇಳ್ಲಿಲ್ಲ.’

‘ಅದನ್ನ ಯಾವ ಯಂತ್ರ ಹೇಳ್ತದ್ರಿ?’

‘ಯಾವುದೂ ಹೇಳೂದಿಲ್ಲ. ಅದಕ್ಕ ಕಷ್ಟ.’ ಹೋಗುವಾಗ ಬಾಗಿಲಲ್ಲಿ ನಿಂತು, ‘ಇನ್ನೂ ನಾಕ್ ದಿನಾ ಐತಿ ತಪಾಸಣಿಗೆ’ ಎಂದರು. ಅದು ಧೈರ್ಯದ ಮಾತೋ ಎಚ್ಚರಿಕೆಯೋ ತಿಳಿಯಲಿಲ್ಲ.

ಮನೆಗೆ ಬಂದು ಫಕೀರವ್ವ ಒಲೆ ಹಚ್ಚಲಿಲ್ಲ. ಟ್ಯಾಬು ಎದುರಿಗಿಟ್ಟು ಸುಮ್ಮನೆ ಆಡಿದಳು. ತಲೆ ಎಲ್ಲೋ ಇತ್ತು. ವಜೀರನನ್ನು ಒಯ್ದು ಶತ್ರುವಿನ ಕುದುರೆಯ ಬಾಯಿಗಿಟ್ಟಳು. ಕಂಪ್ಯೂಟರು ಗಪ್ಪನೆ ನುಂಗಿತು.

‘ಇವರಾಗಿದ್ರ ನುಂಗತಿರಲಿಲ್ಲ ನೀನು ನುಂಗಿದಂಗ’ ಎಂದಳು.

ಅಂದಮೇಲೆ ತಾನು ಅಂದದ್ದು ತನಗೇ ಕೇಳಿಸಿತು. ಇವರಾಗಿದ್ದರೆ ಏನು ಮಾಡುತ್ತಿದ್ದರು? ಆಸ್ಪತ್ರೆಯ ಮಣೆಯ ಮೇಲೆ ಅವಳು ಇಂಥ ಕಡೆ ವಜೀರನನ್ನು ಇಟ್ಟದ್ದಿತ್ತು. ಮುದಕಪ್ಪ ಆ ಕಾಯಿಯನ್ನು ಎತ್ತಿ, ಅದು ಹೊರಟ ಮನೆಯಲ್ಲೇ ವಾಪಸು ಇಟ್ಟು ಸುಮ್ಮನೆ ಕೂತಿದ್ದ. ಕೈ ತಡವರಿಸಿತೇನೋ ಎಂದು ಅವಳು ಆಗ ಬೇರೆ ಕಾಯಿ ನಡೆಸಿದ್ದಳು. ಒಂದು ಸಲವಲ್ಲ, ಆಗಾಗ ಹಾಗಾಗುತ್ತಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೂತಳು. ಶಮೀನಾ ಕೀಲಿ ತೆಗೆಯುತ್ತಿದ್ದಂತೆ ಕೇಳಿದಳು: ‘ಕೇರಿದ ಮ್ಯಾಲ ಹೊಟ್ಟು ಉಳೀತಲ್ಲ, ಅದನ್ನ ಒಗದಿ ಏನು?’

‘ಯಾವ ಹೊಟ್ಟು?’

‘ನಿನ್ನ ಕೂಸಿಗೆ ತಿಳೀದ ನಡಿ. ಇವರು ನನ್ನ ಕಾಯಿ ಹಿಂದಕ್ಕ ಇಡ್ತಾರಲ್ಲ, ಅದಕ್ಕ ಏನ್ ಅಂದೈತಿ ಅದು?’

ಶಮೀನಾ ಯಂತ್ರ ಚಾಲೂ ಮಾಡಿ ಹುಡುಕಿದಳು. ಎರಡು ಹೆಜ್ಜೆ ಹೋದ ಪ್ಯಾದೆಯನ್ನು ಹಿಂದಕ್ಕೆಳೆದದ್ದಕ್ಕೆ ಕೂಸು ಕಟ್ಟಳೆ ಕಂಡುಕೊಂಡಿತ್ತು. ಆದರೆ ಕಟ್ಟಳೆಗೆ ಸರಿಯಾಗಿಯೇ ಇದ್ದ ಎದುರಾಳಿಯ ನಡೆಗಳನ್ನೂ ಕೆಲವು ಸಲ ಅವನು ಹಿಂದಕ್ಕಿಟ್ಟಿದ್ದ. ಯಾವ ಊಹೆಯೂ ಅದಕ್ಕೆ ಕೂಡದೆ, ‘ಕಾರಣವಿಲ್ಲದ ಚಲನೆ’ ಎಂಬ ಹೆಸರಿನಲ್ಲಿ ಒಂದು ಮೂಲೆಗೆ ಸರಿಸಿತ್ತು.

‘ಯಾರ ಜೋಡಿ ಆಡುವಾಗ?’

ಶಮೀನಾ ನೋಡಿದಳು. ಮತ್ತೆ ನೋಡಿದಳು. ‘ಬರೇ ನಿಮ್ಮ ಜೋಡಿ, ಅಮ್ಮಾರ. ನನ್ನದೂ ಇಟ್ಟಿಲ್ಲ, ನರ್ಸಣ್ಣಂದೂ ಇಟ್ಟಿಲ್ಲ.’

ಆಮೇಲೆ ಅವಳು ಕೆಲಸಕ್ಕೆ ಬಿದ್ದಳು. ಈರಣ್ಣನ ಅಂಗಡಿಯ ಕಟ್ಟಳೆಗಳನ್ನು ಆಡುವ ಕಂಪ್ಯೂಟರಿಗೆ ತುಂಬಿದಳು. ಆ ಒಂದೊಂದು ಘಳಿಗೆಯ ಮಣೆಯನ್ನೂ ಅದರ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದಳು: ಈ ಕಾಯಿ ಅಲ್ಲೇ ಉಳಿದಿದ್ದರೆ ಮುಂದೇನಾಗುತ್ತಿತ್ತು? ವಜೀರ ಹೋಗುತ್ತಿದ್ದ, ಎಂದಿತು ಕಂಪ್ಯೂಟರು. ಆನೆ ಹೋಗುತ್ತಿತ್ತು. ಮೂರು ನಡೆಯಲ್ಲಿ ರಾಜ ಸಿಗುತ್ತಿದ್ದ. ಮತ್ತೆ ವಜೀರ. ಪ್ರತಿಯೊಂದೂ ಕಣ್ಣು ಕಾಣದವರು ಬಾವಿಯ ಅಂಚಿಗೆ ಇಟ್ಟ ಹೆಜ್ಜೆ. ಸಣ್ಣಪುಟ್ಟ ತಪ್ಪುಗಳನ್ನು ಅವನು ಹಾಗೇ ಬಿಟ್ಟಿದ್ದ, ಪ್ಯಾದೆ ಹೋದರೆ ಹೋಗಲಿ ಎಂದು. ಶಮೀನಾ ತಾನು ಅಂಥದೇ ತಪ್ಪು ಮಾಡಿದ್ದ ಜಾಗ ನೋಡಿದಳು. ಅವಳ ವಜೀರನನ್ನು ಮುದಕಪ್ಪ ಎರಡನೇ ಮಾತಿಲ್ಲದೆ ಹೊಡೆದಿದ್ದ.

‘ಕಲಸಾಕತ್ಯಾರ’ ಎಂದಳು ಫಕೀರವ್ವ. ‘ಇವರು ನನಗ ಆಟಾ ಕಲಸಾಕತ್ಯಾರ.’

ತಪಾಸಣೆಯ ದಿನ ಡಾಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕಾಗದ ನೋಡಿದರು. ನಂಬುವ ಆಸೆ ಅವರ ಮುಖದಲ್ಲೇ ಇತ್ತು, ಆದರೆ ಮುಖದಲ್ಲಿ ಇದ್ದದ್ದಕ್ಕೆ ಸಹಿ ಹಾಕಲು ಬರುವುದಿಲ್ಲ. ‘ನನ್ನ ಕಣ್ಣ ಮುಂದ ಆಗಲಿ’ ಎಂದರು. ‘ಅಮ್ಮಾ, ನೀವು ವಜೀರನ್ನ ಹೊಡಿಯೂ ಜಾಗಾದಾಗ ಇಡ್ರಿ. ಹಿಂದಕ್ಕ ಇಟ್ರ ಸಾಕು ನನಗ.’

ಆಟ ಶುರುವಾಯಿತು. ಕೊಕ್ಕರೆಯ ಕಣ್ಣು ಮೇಲೆ, ಶಮೀನಾ ತೆರೆಯ ಮುಂದೆ, ಡಾಕ್ಟರು ಸ್ಟೂಲಿನ ಮೇಲೆ. ಆಟ ಸ್ವಲ್ಪ ದೂರ ನಡೆದ ಮೇಲೆ ಫಕೀರವ್ವ ವಜೀರನನ್ನು ಎತ್ತಿ ಅವನ ಒಂಟೆಯ ದಾರಿಯಲ್ಲಿ ಇಟ್ಟಳು. ಮಣೆ ನೋಡಬೇಕಾದವಳು ಗಂಡನ ಮುಖ ನೋಡಿದಳು.

ಮುದಕಪ್ಪ ವಜೀರನನ್ನು ನೋಡಿದ. ಅವಳನ್ನು ನೋಡಿದ. ಓರೆಗಣ್ಣಿನಿಂದ ಡಾಕ್ಟರನ್ನು ನೋಡಿದ. ಆಮೇಲೆ ಎಡಗೈಯಿಂದ ಒಂಟೆಯನ್ನು ಎತ್ತಿ ಟಕ್ಕೆಂದು ಅವಳ ವಜೀರನನ್ನು ಹೊಡೆದು ಪಕ್ಕಕ್ಕೆ ಉರುಳಿಸಿದ. ತುಟಿಯ ಒಂದು ಮೂಲೆ, ಬದುಕಿದ್ದ ಮೂಲೆ, ಮೇಲಕ್ಕೆ ಹೋಯಿತು.

ಶಮೀನಾ ತಲೆ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರು ಕನ್ನಡಕ ತೆಗೆದರು.

‘ಸಾಹೇಬ್ರ, ನಾ ಬೇಕಂತ ಇಟ್ಟಿದ್ನಿ. ಅದು ಇವರಿಗೆ ತಿಳದೈತಿ!’ ಎಂದಳು ಫಕೀರವ್ವ.

‘ಹಂಗಂತ ನಾನೂ ಅನಕೋಬಹುದಮ್ಮಾ. ಹಿಂದಕ್ಕ ಇಟ್ರ ಅರಿವು ಐತಿ, ಇಡಲಿಲ್ಲಂದ್ರೂ ಅರಿವು ಐತಿ ಅಂದ್ರ, ಆ ಪರೀಕ್ಷಾದಾಗ ಸೋಲೂದು ಹೆಂಗ?’

ಡಾಕ್ಟರದು ಸರಿಯಾದ ಮಾತೇ ಆಗಿತ್ತು. ‘ಆಟ ಅರ್ಧಕ್ಕ ಬಿಡಬಾರದ್ರಿ, ಮುಗಸ್ತೀನಿ’ ಎಂದಷ್ಟೇ ಹೇಳಿದಳು. ಡಾಕ್ಟರು ಎದ್ದು ಹೋಗಬೇಕಿತ್ತು, ಬೇರೆ ರೋಗಿಗಳು ಕಾಯುತ್ತಿದ್ದರು. ಆದರೆ ಚದುರಂಗ ಬಲ್ಲವನು ಅರ್ಧ ಆಟದಿಂದ ಎದ್ದು ಹೋಗುವುದೆಂದರೆ ಹಸಿದವನು ಬಾಳೆಯೆಲೆಯ ಮುಂದಿನಿಂದ ಎದ್ದ ಹಾಗೆ. ಕೂತರು.

ವಜೀರನಿಲ್ಲದ ಪಡೆ ಕಟ್ಟಿಕೊಂಡು ಫಕೀರವ್ವ ಖರೆಯಾಗಿ ಆಡಿದಳು. ಕಣ್ಣೀರು ಬರುವುದನ್ನು ಮರೆತು ಆಡಿದಳು. ಒಂದು ಕಡೆ ಅವಳ ಕುದುರೆಗೆ ಒಳ್ಳೆಯ ದಾರಿ ತೆರೆದುಕೊಂಡಿತು. ಅಲ್ಲಿ ಹೋಗಿ ಕೂತರೆ ಮುದಕಪ್ಪನ ರಾಜನಿಗೆ ಶಹ, ಜೊತೆಗೇ ಅವನ ಆನೆಗೆ ಹೊಡೆತ. ಅವಳಿಗೆ ಕಾಣಲಿಲ್ಲ. ಪ್ಯಾದೆಯ ಮೇಲೆ ಬೆರಳಿಟ್ಟಳು, ತೆಗೆದಳು. ಒಂಟೆಯ ಮೇಲಿಟ್ಟಳು, ತೆಗೆದಳು. ಡಾಕ್ಟರು ಸ್ಟೂಲಿನ ಮೇಲೆ ಅಲ್ಲಾಡಿದರು. ಮುಂದಕ್ಕೆ ಬಾಗಿದರು. ಗಂಟಲು ಸರಿಮಾಡಿಕೊಂಡರು. ಕಡೆಗೆ ಅವರಿಂದ ತಡೆಯಲಾಗಲಿಲ್ಲ.

‘ಕುದರಿ ಅಮ್ಮಾ, ಕುದರಿ! ಇಲ್ಲಿ ನೋಡ್ರಿ’ ಎಂದು ಕೈ ಚಾಚಿ ಅವಳ ಕುದುರೆಯನ್ನು ತಾವೇ ಎತ್ತಿ ಆ ಮನೆಯಲ್ಲಿಟ್ಟರು.

ಅವರ ಕೈ ವಾಪಸು ಬರಲಿಲ್ಲ. ಮುದಕಪ್ಪನ ಎಡಗೈ ಅವರ ಮಣಿಕಟ್ಟನ್ನು ಹಿಡಿದಿತ್ತು. ಮರ ಒತ್ತಿ ಹಿಡಿದು ಕೆತ್ತಿದ ಬಡಿಗನ ಕೈ ಅದು. ಆ ಕೈಯನ್ನು ಮಣೆಯ ಮೇಲಿನಿಂದ ಎತ್ತಿ, ಮೆಲ್ಲಗೆ, ಬೇರೆಯವರ ತಾಟಿಗೆ ಬಂದ ಬೆಕ್ಕನ್ನು ಎತ್ತಿಡುವ ಹಾಗೆ ಡಾಕ್ಟರರ ತೊಡೆಯ ಮೇಲೆಯೇ ಇಟ್ಟ. ಕುದುರೆಯನ್ನು ಅದರ ಹಳೆಯ ಮನೆಗೆ ವಾಪಸು ತಂದ. ತೋರುಬೆರಳಿನಿಂದ ಫಕೀರವ್ವನನ್ನು ತೋರಿಸಿದ. ಆಮೇಲೆ ಮಣೆಯನ್ನು. ಮತ್ತೆ ಅವಳನ್ನು. ಡಾಕ್ಟರ ಕಡೆ ತಿರುಗಿ ಆ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡ.

ತೆರೆಯ ಮೇಲೆ ಕೂಸು ಒಂದು ಸಾಲು ಬರೆದುಕೊಂಡಿತು: ಕಾರಣವಿಲ್ಲದ ಚಲನೆ. ಶಮೀನಾ ಅದನ್ನು ಓದಿ ಹೇಳಲಿಲ್ಲ.

ಡಾಕ್ಟರ್ ಕಟ್ಟಿ ತಮ್ಮ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಆಟ ನೋಡುತ್ತ ನಿಂತು ನಡುವೆ ಬಾಯಿ ಹಾಕಿದಾಗ ಬೈಸಿಕೊಂಡ ಹುಡುಗನ ಮುಖ ಅವರದಾಗಿತ್ತು. ‘ತಪ್ಪಾತ್ರಿ ಮುದಕಪ್ನೋರ’ ಎಂದರು. ಅಷ್ಟು ದಿನಗಳಲ್ಲಿ ಅವರು ಅವನನ್ನೇ ಉದ್ದೇಶಿಸಿ ಆಡಿದ ಮೊದಲ ಮಾತು ಅದು.

ಮುದಕಪ್ಪ ತಲೆಯಾಡಿಸಿದ, ದೊಡ್ಡ ಮನಸ್ಸಿನಿಂದ.

ಡಾಕ್ಟರು ದನಿ ತಗ್ಗಿಸಿ, ಆಟ ಕೆಡದ ಹಾಗೆ, ಶಮೀನಾಳ ಕಡೆ ಬಾಗಿದರು. ‘ಕಲಿಕೆ ವಿಭಾಗ ಅಂತ ಬರಕೊಳ್ಳವಾ. ನಾಳಿಂದನ.’ ಆಮೇಲೆ ಇನ್ನಷ್ಟು ತಗ್ಗಿಸಿ, ‘ಮಣಿನೂ ಅಲ್ಲಿಗೆ ಕಳಸು’ ಎಂದರು.

ಫಕೀರವ್ವನಿಗೆ ಅದೊಂದೂ ಕೇಳಿಸಲಿಲ್ಲ. ಡಾಕ್ಟರು ಕುದುರೆ ಎಂದದ್ದು ಕಿವಿಯಲ್ಲಿತ್ತು. ಎಲ್ಲಿಟ್ಟರೆಂಬುದನ್ನು ಅವಳು ನೋಡಿರಲಿಲ್ಲ, ಅವಳು ನೋಡಿದ್ದು ಗಂಡನ ಕೈಯನ್ನು. ಎರಡು ನೆಟ್ಟಗೆ, ಒಂದು ಪಕ್ಕಕ್ಕೆ. ಸೀರೆಯ ಅಂಚಿನ ಕೆಳಗೆ ಅವಳ ಕಾಲು ನೆಲದ ಮೇಲೆ ಸಣ್ಣಗೆ ಅಳೆಯುತ್ತಿತ್ತು. ಎದುರಿಗೆ ಮುದಕಪ್ಪ ಎಡಗೈಯನ್ನು ಗದ್ದಕ್ಕೆ ಕೊಟ್ಟುಕೊಂಡು, ಅವಸರವಿಲ್ಲದೆ, ಅವಳು ಅದನ್ನು ಕಂಡುಕೊಳ್ಳಲೆಂದು ಕಾಯುತ್ತಿದ್ದ.